ಚಾಲಕನ ಕ್ಯಾಬಿನ್‌: ಬೆಂಗಳೂರಿನ ಬಸ್ಸುಗಳಲ್ಲಿ ಸದ್ದು ಮತ್ತು ಗಾಳಿಯ ಚರಿತ್ರೆ

ನಗರ ಸಾರಿಗೆಯ ಚರಿತ್ರೆಯನ್ನು ಬರೆದವರು ಮಾರ್ಗಗಳನ್ನೂ ಕಂಪನಿಗಳನ್ನೂ ಟಿಕೆಟ್‌ ದರಗಳನ್ನೂ ವಿವರವಾಗಿ ದಾಖಲಿಸಿದ್ದಾರೆ. ಆದರೆ ವಾಹನದ ಮುಂಭಾಗದಲ್ಲಿ ಚಾಲಕ ದಿನಕ್ಕೆ ಎಂಟು ಗಂಟೆ ಕುಳಿತು ಕಳೆಯುವ ಕೆಲವೇ ಅಡಿಗಳ ಜಾಗ, ಅಂದರೆ ಕ್ಯಾಬಿನ್‌, ಅವರ ಗಮನಕ್ಕೆ ಬಂದದ್ದು ಕಡಿಮೆ. ಆ ಜಾಗದಲ್ಲಿ ಎಂಥ ಸದ್ದು ಕೇಳಿಸುತ್ತಿತ್ತು, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು, ಅದನ್ನು ಯಾರು ಹೇಗೆ ಅರ್ಥ ಮಾಡಿಕೊಂಡರು ಎಂಬುದಕ್ಕೂ ಒಂದು ಚರಿತ್ರೆಯಿದೆ. ಬಸ್ಸಿನ ಮೈ ಕಟ್ಟುವ ಕಸುಬು, ವಿಮಾನ ಕಾರ್ಖಾನೆ, ಗಾಳಿ ಸುರಂಗ ಮತ್ತು ಶಬ್ದಶಾಸ್ತ್ರದ ಪ್ರಯೋಗಾಲಯ ಒಂದೇ ಊರಿನಲ್ಲಿ ಬೆಳೆದ ಕಾರಣ ಈ ಚರಿತ್ರೆಯ ಬಹುಪಾಲನ್ನು ಬೆಂಗಳೂರಿನ ಒಳಗೇ ಗುರುತಿಸಬಹುದು.

ನಗರದ ದಕ್ಷಿಣದಲ್ಲಿರುವ ಪದ್ಮನಾಭನಗರ ಇದನ್ನು ಗಮನಿಸಲು ತಕ್ಕ ನೆಲೆ. ಕದಿರೇನಹಳ್ಳಿ, ಚಿಕ್ಕಲ್ಲಸಂದ್ರ, ಯಡಿಯೂರುಗಳಂಥ ಹಳ್ಳಿಗಳ ಹೊಲಗಳ ನಡುವೆ ಬಡಾವಣೆಯಾಗಿ ಮೂಡಿದ ಈ ಪ್ರದೇಶ ನಗರದ ಹಳೆಯ ಪೇಟೆಯಿಂದ ದೂರವಿದ್ದುದರಿಂದ ಬಸ್ಸನ್ನೇ ನೆಚ್ಚಿಕೊಂಡು ಬೆಳೆಯಿತು. ಬನಶಂಕರಿ ಎರಡನೆಯ ಹಂತದ ದೇವಗಿರಿಯ ಸುತ್ತಲಿನ ಏರಿನಲ್ಲಿ ಬಸ್ಸು ಕೆಳಗಿನ ಗೇರಿನಲ್ಲಿ ಹತ್ತುವಾಗ ಎಂಜಿನ್ನಿನ ಸದ್ದು ಎಲ್ಲವನ್ನೂ ಮುಚ್ಚುತ್ತದೆ. ದೇವೇಗೌಡ ಪೆಟ್ರೋಲ್‌ ಬಂಕಿನ ಬಳಿ ಹೊರವರ್ತುಲ ರಸ್ತೆಗೆ ಬಂದು ವೇಗ ಹಿಡಿದಾಗ ಗಾಳಿಯ ಸದ್ದು ಮುಂದಾಗುತ್ತದೆ. ಒಳಗಿನ ಅಡ್ಡರಸ್ತೆಗಳ ಉಬ್ಬುಗಳನ್ನು ದಾಟುವಾಗ ಮೈಯ ತಗಡು, ಕಿಟಕಿ, ಸೀಟುಗಳ ಗಡಗಡ ಕೇಳಿಸುತ್ತದೆ. ಎಂಜಿನ್‌, ಗಾಳಿ ಮತ್ತು ಮೈಕಟ್ಟು ಎಂಬ ಸದ್ದಿನ ಮೂರು ಮುಖ್ಯ ಮೂಲಗಳು ಹೀಗೆ ಒಂದೇ ಮಾರ್ಗದಲ್ಲಿ ಬೇರೆ ಬೇರೆಯಾಗಿ ಕೇಳಸಿಗುತ್ತವೆ.

ಕನ್ನಡ ನಾಡಿನಲ್ಲಿ ಬಸ್ಸು ಕಾಲಿಟ್ಟಾಗ ಕ್ಯಾಬಿನ್‌ ಎಂಬ ಪ್ರತ್ಯೇಕ ಕಲ್ಪನೆಯೇ ಇರಲಿಲ್ಲ. ಮಂಗಳೂರಿನಲ್ಲಿ ವಿ. ಎಸ್‌. ಕುಡ್ವ ಅವರು 1914ರಲ್ಲಿ ಆರಂಭಿಸಿದ ಕೆನರಾ ಪಬ್ಲಿಕ್‌ ಕನ್ವೇಯನ್ಸ್‌, ಅಂದರೆ ಜನ ಸಿಪಿಸಿ ಎಂದು ಕರೆದ ಕಂಪನಿಯ ಕಾಲದ ವಾಹನಗಳು ಹೊರದೇಶಗಳಿಂದ ಬಂದ ಚಾಸಿಯ ಮೇಲೆ, ಎಂದರೆ ಎಂಜಿನ್‌, ಗಾಲಿ ಮತ್ತು ಉಕ್ಕಿನ ತೊಲೆಗಳಷ್ಟೇ ಇರುವ ಬುನಾದಿಯ ಮೇಲೆ, ಸ್ಥಳೀಯ ಬಡಗಿಗಳು ಕಟ್ಟಿದ ಮರದ ಮೈಯನ್ನು ಹೊಂದಿದ್ದವು. ಎಂಜಿನ್‌ ಮುಂದಕ್ಕೆ ಚಾಚಿದ ಮೂತಿಯೊಳಗೆ ಇರುತ್ತಿತ್ತು, ಚಾಲಕ ಅದರ ಹಿಂದೆ ಕೂರುತ್ತಿದ್ದ, ಪಕ್ಕಗಳು ಬಹುಮಟ್ಟಿಗೆ ತೆರೆದಿರುತ್ತಿದ್ದವು. ಮಳೆ ಬಂದರೆ ಸುರುಳಿ ಸುತ್ತಿಟ್ಟ ಕ್ಯಾನ್ವಾಸ್‌ ಪರದೆಯನ್ನು ಇಳಿಬಿಡುತ್ತಿದ್ದರು. ಗಾಳಿಗೆ ಕೊರತೆ ಇರಲಿಲ್ಲ, ಧೂಳಿಗೂ ಇರಲಿಲ್ಲ. ಸದ್ದಿನ ಮಟ್ಟಿಗೆ ಈ ಏರ್ಪಾಡಿನಲ್ಲಿ ಒಂದು ಅನುಕೂಲವಿತ್ತು: ಎಂಜಿನ್ನಿಗೂ ಚಾಲಕನಿಗೂ ನಡುವೆ ಒಂದು ಗೋಡೆಯಿತ್ತು, ಅದರ ಬಿಸಿ ಬಹುಪಾಲು ಹೊರಗೇ ಉಳಿಯುತ್ತಿತ್ತು. ಚಾಸಿಯನ್ನು ಹೊರುವ ಉಕ್ಕಿನ ಸ್ಪ್ರಿಂಗ್‌ ಪಟ್ಟಿಗಳು ಒಂದರ ಮೇಲೊಂದು ಉಜ್ಜಿದಾಗ ಹೊರಡುವ ಕಿರುಗುಟ್ಟುವಿಕೆ ಆ ಕಾಲದ ವಾಹನಗಳ ಸಾಮಾನ್ಯ ದೂರಾಗಿತ್ತು.

ಬೆಂಗಳೂರಿನಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್‌ ಕಂಪನಿ 98 ಬಸ್ಸುಗಳೊಂದಿಗೆ ನಗರ ಸಾರಿಗೆಯನ್ನು ಆರಂಭಿಸಿದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಪೆಟ್ರೋಲಿಗೆ ಪಡಿತರ ಬಂದ ಆ ವರ್ಷಗಳಲ್ಲಿ ದೇಶದ ಅನೇಕ ಕಡೆಗಳಂತೆ ಮೈಸೂರು ಸೀಮೆಯಲ್ಲಿಯೂ ಬಸ್ಸುಗಳಿಗೆ ಇದ್ದಿಲಿನ ಅನಿಲದ ಒಲೆಗಳನ್ನು ಜೋಡಿಸಲಾಯಿತು. ಇದ್ದಿಲನ್ನು ಅರೆಬರೆ ಉರಿಸಿ ಪಡೆಯುವ ಈ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡ್‌ ಎಂಬ ವಿಷಾನಿಲವೇ ಮುಖ್ಯ ಇಂಧನವಾದ್ದರಿಂದ, ಗಾಳಿ ಯಾವ ಸಂದಿನಿಂದ ಒಳಗೆ ಬರುತ್ತದೆ ಎಂಬ ಪ್ರಶ್ನೆ ಸೌಖ್ಯದ ಮಟ್ಟವನ್ನು ದಾಟಿ ಜೀವದ ಪ್ರಶ್ನೆಯಾಯಿತು. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವನ್ನು ಕಣ್ಣು ಮೂಗುಗಳು ಹಿಡಿಯಲಾರವು. ಗಾಳಿಯ ದಾರಿಯನ್ನು ತಿಳಿದಿರುವುದು ಮುಖ್ಯ ರಕ್ಷಣೆ. ಹೊಗೆಯುಗುಳುವ ಎಂಜಿನ್‌ ಇರುವ ಯಾವ ವಾಹನದ ಮಟ್ಟಿಗೂ ಆ ಮಾತು ಇಂದಿಗೂ ಸತ್ಯ.

ಯುದ್ಧ ಮುಗಿದ ಮೇಲೆ ಮೈಕಟ್ಟಿನ ಕಸುಬು ದೊಡ್ಡ ತಿರುವನ್ನು ಕಂಡಿತು. ವಾಲ್‌ಚಂದ್‌ ಹೀರಾಚಂದ್‌ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್‌ ಏರ್‌ಕ್ರಾಫ್ಟ್‌ ಕಾರ್ಖಾನೆಗೆ ಯುದ್ಧಾನಂತರ ವಿಮಾನದ ಕೆಲಸ ಕಡಿಮೆಯಾದಾಗ, ಅದು ತನ್ನ ಯಂತ್ರಗಳನ್ನೂ ನುರಿತ ಕೆಲಸಗಾರರನ್ನೂ ಬಳಸಿಕೊಂಡು ಬಸ್ಸಿನ ಮೈಗಳನ್ನೂ ರೈಲ್ವೆ ಬೋಗಿಗಳನ್ನೂ ತಯಾರಿಸಿತು. ಮರದ ಚೌಕಟ್ಟಿಗೆ ತಗಡು ಹೊಡೆಯುವ ಪದ್ಧತಿಯ ಜಾಗದಲ್ಲಿ ಪೂರ್ತಿ ಲೋಹದ ಚೌಕಟ್ಟಿಗೆ ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್‌ ಹಾಕಿ ಕೂಡಿಸುವ ವಿಮಾನದ ತಂತ್ರ ಬಸ್ಸಿಗೆ ಬಂದದ್ದು ಹೀಗೆ. ಮರ ಕಂಪನವನ್ನು ಒಂದಿಷ್ಟು ನುಂಗುತ್ತದೆ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಕೂಡುಗಳಲ್ಲಿ ಸಡಿಲವಾಗುತ್ತದೆ. ಲೋಹದ ಹಾಳೆ ಸಡಿಲವಾಗುವುದು ನಿಧಾನ, ಆದರೆ ಅದಕ್ಕೆ ಒತ್ತಾಸೆ ಸಿಗದ ಕಡೆ ಡೋಲಿನ ಚರ್ಮದಂತೆ ಮಿಡಿದು ಸದ್ದನ್ನು ಹೆಚ್ಚಿಸುತ್ತದೆ. ಹೀಗಾಗಿ ಲೋಹದ ಮೈ ಬಂದ ಮೇಲೆ ಹಾಳೆಯ ಹಿಂಬದಿಗೆ ದಪ್ಪ ಲೇಪ ಬಳಿಯುವುದು, ಕೂಡುಗಳಿಗೆ ರಬ್ಬರ್‌ ಕೂರಿಸುವುದು, ಗಾಜಿನ ಅಂಚಿಗೆ ಬೀಡಿಂಗ್‌ ಹಾಕುವುದು ಕಸುಬಿನ ಭಾಗವಾದವು.

ಇದೇ ಹೊತ್ತಿಗೆ ಸಾರಿಗೆಯ ಆಡಳಿತವೂ ಬದಲಾಯಿತು. 1948ರ ಸೆಪ್ಟೆಂಬರ್‌ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಬೆಂಗಳೂರಿನ ಖಾಸಗಿ ಕಂಪನಿ 1956ರಲ್ಲಿ ರಾಷ್ಟ್ರೀಕರಣಗೊಂಡು ಬೆಂಗಳೂರು ಸಾರಿಗೆ ಸೇವೆ, ಅಂದರೆ ಬಿಟಿಎಸ್‌ ಆಯಿತು. 1961ರಲ್ಲಿ ರಾಜ್ಯದ ಸಾರಿಗೆ ನಿಗಮ ರೂಪುಗೊಂಡು ಬಿಟಿಎಸ್‌ ಅದರೊಳಗೆ ಸೇರಿತು. 1997ರಲ್ಲಿ ನಗರ ಸಾರಿಗೆ ಮತ್ತೆ ಬೇರೆಯಾಗಿ ಬಿಎಂಟಿಸಿ ಎನಿಸಿತು. ನಿಗಮ ಕೆಂಗೇರಿ, ಹಾಸನ ಮೊದಲಾದ ಕಡೆ ತನ್ನದೇ ಕಾರ್ಯಾಗಾರಗಳಲ್ಲಿ ಮೈ ಕಟ್ಟಿಸಿತು. ಒಂದೇ ಮಾದರಿಯ ಬಸ್ಸುಗಳು ನೂರಾರು ಸಂಖ್ಯೆಯಲ್ಲಿ ಬರತೊಡಗಿದ್ದರಿಂದ ಒಂದು ಬಸ್ಸಿನಲ್ಲಿ ಪತ್ತೆಯಾದ ಸದ್ದಿನ ಕಾರಣ ಉಳಿದವುಗಳಿಗೂ ಅನ್ವಯಿಸಿತು, ಡಿಪೋದ ಅನುಭವ ಒಬ್ಬರಿಂದೊಬ್ಬರಿಗೆ ಹರಿಯಿತು.

ಚಾಲಕನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಚಪ್ಪಟೆ ಮುಖದ ಬಸ್ಸು. ಮೂತಿಯನ್ನು ತೆಗೆದುಹಾಕಿ ಚಾಲಕನನ್ನು ಎಂಜಿನ್ನಿನ ಪಕ್ಕಕ್ಕೆ ತಂದು ಕೂರಿಸಿದರೆ ಅಷ್ಟೇ ಉದ್ದದ ಚಾಸಿಯಲ್ಲಿ ಹೆಚ್ಚು ಸೀಟುಗಳು ಸಿಗುತ್ತವೆ, ಚಾಲಕನಿಗೆ ರಸ್ತೆ ಹತ್ತಿರದಿಂದ ಕಾಣುತ್ತದೆ. ಇದಕ್ಕೆ ತೆತ್ತ ಬೆಲೆಯೆಂದರೆ ಡೀಸೆಲ್‌ ಎಂಜಿನ್‌ ಕ್ಯಾಬಿನ್ನಿನ ಒಳಗೇ ಬಂದು, ಒಂದು ಬಾನೆಟ್ಟಿನ ಮುಚ್ಚಳವಷ್ಟೇ ಅದಕ್ಕೂ ಚಾಲಕನ ಎಡಗಾಲಿಗೂ ಅಡ್ಡವಾಯಿತು. ಅಶೋಕ್‌ ಲೇಲ್ಯಾಂಡ್‌ ಮತ್ತು ಟಾಟಾ ಚಾಸಿಗಳ ಮೇಲೆ ಕಟ್ಟಿದ ಇಂಥ ಬಸ್ಸುಗಳೇ ದಶಕಗಳ ಕಾಲ ಬೆಂಗಳೂರಿನ ಸಾಮಾನ್ಯ ಬಸ್ಸುಗಳಾದವು. ಬಾನೆಟ್ಟಿಗೆ ರೆಕ್ಸಿನ್‌ ಹೊದಿಸಿ ಒಳಗೆ ನಾರು ಅಥವಾ ಸ್ಪಂಜು ತುಂಬಿದ ಹೊದಿಕೆ ಹಾಕುವುದು ವಾಡಿಕೆಯಾಯಿತು. ಆ ಹೊದಿಕೆ ಹರಿದರೆ ಬಿಸಿಯೂ ಸದ್ದೂ ಒಟ್ಟಿಗೇ ಒಳನುಗ್ಗುತ್ತಿದ್ದವು. ಬಿಟಿಎಸ್‌ ಓಡಿಸುತ್ತಿದ್ದ ಎರಡಂತಸ್ತಿನ ಬಸ್ಸುಗಳಲ್ಲಿ ಮಾತ್ರ ಬೇರೆಯದೇ ಏರ್ಪಾಡಿತ್ತು: ಎಂಜಿನ್‌ ಒಂದು ಕಡೆ, ಚಾಲಕ ಮತ್ತೊಂದು ಕಡೆಯ ಅರೆ ಕ್ಯಾಬಿನ್ನಿನಲ್ಲಿ ಒಬ್ಬನೇ, ಪ್ರಯಾಣಿಕರ ಗದ್ದಲದಿಂದ ಬೇರೆಯಾದ ಆ ಕೋಣೆಗೆ ಸುದ್ದಿ ಮುಟ್ಟಿಸುತ್ತಿದ್ದುದು ಕಂಡಕ್ಟರ್‌ ಹೊಡೆಯುವ ಗಂಟೆ.

ಚಪ್ಪಟೆ ಮುಖದ ಬಸ್ಸಿನಲ್ಲಿ ಕಿಟಕಿ ತೆರೆದರೂ ಕ್ಯಾಬಿನ್‌ ಏಕೆ ಬೇಯುತ್ತದೆ ಎಂಬುದನ್ನು ತಿಳಿಯಲು ಗಾಳಿಯ ಒತ್ತಡದ ಲೆಕ್ಕ ಬೇಕು. ಓಡುವ ವಾಹನದ ಎದುರು ಮುಖಕ್ಕೆ ಬಡಿದ ಗಾಳಿ ಅಲ್ಲಿ ತಡೆದು ನಿಂತು ಒತ್ತಡವನ್ನು ಹೆಚ್ಚಿಸುತ್ತದೆ. ಬಳಿಕ ಮೂಲೆಗಳನ್ನು ಬಳಸಿ ಪಕ್ಕಗಳಿಗೆ ಹರಿಯುವಾಗ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಚಾಲಕನ ಕಿಟಕಿ ಇರುವುದು ಸರಿಯಾಗಿ ಈ ಒತ್ತಡ ಇಳಿದ ಜಾಗದಲ್ಲಿ. ಆದ್ದರಿಂದ ತೆರೆದ ಕಿಟಕಿ ಗಾಳಿಯನ್ನು ಒಳಗೆ ತರುವುದಕ್ಕಿಂತ ಹೆಚ್ಚಾಗಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಎಳೆದ ಗಾಳಿಯ ಜಾಗವನ್ನು ತುಂಬಲು ಎಲ್ಲಿ ಸಂದು ಸಿಗುತ್ತದೋ ಅಲ್ಲಿಂದ ಬೇರೆ ಗಾಳಿ ಬರಬೇಕು. ಬಾನೆಟ್ಟಿನ ಅಂಚಿನ ರಬ್ಬರ್‌ ಸವೆದಿದ್ದರೆ ರೇಡಿಯೇಟರ್‌ ಫ್ಯಾನು ತಳ್ಳಿದ ಬಿಸಿಗಾಳಿ ಅಲ್ಲಿಂದಲೇ ಏರುತ್ತದೆ. ಗೇರಿನ ಕಡ್ಡಿ ಹಾದುಬರುವ ತೂತಿನ ಚೀಲ ಹರಿದಿದ್ದರೆ ಅಲ್ಲಿಂದ ಹೊಗೆ ಬರುತ್ತದೆ. ಹಿಂಬಾಗಿಲಿನಿಂದ ಧೂಳು ನುಗ್ಗುವುದಕ್ಕೂ ಬಸ್ಸಿನ ಬೆನ್ನ ಹಿಂದೆ ಒತ್ತಡ ಕುಸಿದು ಸುಳಿಗಾಳಿ ಸುತ್ತುವುದೇ ಕಾರಣ. ಗಾಳಿ ಬರುವ ಸಂದಿನಲ್ಲೇ ಸದ್ದೂ ಬರುತ್ತದೆ ಎಂಬುದು ಈ ಇಡೀ ವಿಷಯದ ತಿರುಳು.

ವೇಗದೊಂದಿಗೆ ಈ ಒತ್ತಡ ಏರುವ ಬಗೆಯೂ ಗಮನಾರ್ಹ. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನ ತೆಳುಗಾಳಿಯಲ್ಲಿಯೂ ಗಂಟೆಗೆ 50 ಕಿಲೋಮೀಟರ್‌ ವೇಗದಲ್ಲಿ ಒಂದು ಚದರ ಮೀಟರ್‌ ಗಾಜಿನ ಮೇಲೆ ಗಾಳಿ ಹೇರುವ ಭಾರ ಸುಮಾರು 10 ಕಿಲೋ. ವೇಗ 100 ಆದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 40 ಕಿಲೋ ದಾಟುತ್ತದೆ. ಗಾಳಿ ಅಂಚುಗಳಿಗೆ ಬಡಿದು ಹೊರಡಿಸುವ ಸದ್ದು ಇನ್ನೂ ಬೇಗ ಏರುತ್ತದೆ: ವೇಗ ಇಮ್ಮಡಿಯಾದಾಗ ಅದರ ಶಕ್ತಿ ಅಂದಾಜಿಗೆ 64 ಪಟ್ಟು, ಸದ್ದನ್ನು ಅಳೆಯುವ ಡೆಸಿಬಲ್‌ ಲೆಕ್ಕದಲ್ಲಿ 18ರಷ್ಟು ಹೆಚ್ಚುತ್ತದೆ. ಊರೊಳಗೆ ಸುಮ್ಮನಿದ್ದ ವಾಹನ ಹೆದ್ದಾರಿಯಲ್ಲಿ ಸಿಳ್ಳೆ ಹಾಕುವುದು ಇದರಿಂದಲೇ.

ಸದ್ದಿನ ಮೂಲವನ್ನು ಹುಡುಕುವ ವಿದ್ಯೆಯನ್ನು ಪುಸ್ತಕಕ್ಕೆ ಮೊದಲೇ ಬೆಳೆಸಿದವರು ಗ್ಯಾರೇಜಿನ ಮೇಸ್ತ್ರಿಗಳು. ಕಲಾಸಿಪಾಳ್ಯದ ಲಾರಿ ಅಡ್ಡೆಗಳು, ಬಿಡಿಭಾಗಗಳಿಗೂ ರೆಕ್ಸಿನ್‌, ಬೀಡಿಂಗ್‌, ಸೀಟಿನ ಹೊದಿಕೆಗಳಿಗೂ ಹೆಸರಾದ ಜೆ. ಸಿ. ರಸ್ತೆ, ಡಿಪೋಗಳ ದುರಸ್ತಿ ಗುಂಡಿಗಳು ಈ ವಿದ್ಯೆಯ ಪಾಠಶಾಲೆಗಳು. ಅವರ ವಿಧಾನದಲ್ಲಿ ಒಂದು ಕ್ರಮವಿದೆ. ವಾಹನವನ್ನು ನಿಲ್ಲಿಸಿ ಎಂಜಿನ್ನನ್ನು ಮಾತ್ರ ರೇಸ್‌ ಮಾಡಿದಾಗಲೂ ಸದ್ದು ಕೇಳಿಸಿದರೆ ಅದು ಎಂಜಿನ್‌, ಸೈಲೆನ್ಸರ್‌ ಅಥವಾ ಅವುಗಳ ಹಿಡಿಕೆಗಳದು. ಕ್ಲಚ್‌ ಒತ್ತಿದಾಗ ಬಂದು ಬಿಟ್ಟಾಗ ಹೋದರೆ ಕ್ಲಚ್ಚಿನ ಬೇರಿಂಗಿನದು. ಓಡುವಾಗ ನ್ಯೂಟ್ರಲ್‌ ಮಾಡಿದರೂ ಉಳಿದರೆ ಗಾಲಿ, ಟೈರು ಅಥವಾ ಮೈಯದು. ಎಡಕ್ಕೆ ತಿರುಗಿದಾಗ ಹೆಚ್ಚಿ ಬಲಕ್ಕೆ ತಿರುಗಿದಾಗ ತಗ್ಗಿದರೆ ಭಾರ ಹೆಚ್ಚು ಬೀಳುವ ಬಲಗಾಲಿಯ ಬೇರಿಂಗಿನ ಮೇಲೆ ಅನುಮಾನ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿನ ಒಂದೊಂದು ಭಾಗಕ್ಕೂ ಮುಟ್ಟಿಸಿ ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿದರೆ ಗಾಳಿಯಲ್ಲಿ ಬರುವ ಗದ್ದಲ ಹಿಂದಾಗಿ ಆ ಒಂದು ಭಾಗದ ಮಿಡಿತ ಉಕ್ಕಿನ ಮೂಲಕ ನೇರವಾಗಿ ಕೇಳಿಸುತ್ತದೆ. ಟಪ್ಪೆಟ್ಟಿನ ಟಿಕ್‌ ಟಿಕ್‌, ನೀರಿನ ಪಂಪಿನ ಕೊರೆತ, ಬೇರಿಂಗಿನ ಗೊರಗೊರ ಬೇರೆ ಬೇರೆಯಾಗಿ ಗುರುತು ಸಿಗುತ್ತವೆ.

ಗಾಳಿಯ ಸದ್ದಿಗೆ ಬೇರೆ ಪರೀಕ್ಷೆಗಳಿವೆ. ಬಾಗಿಲು, ಗಾಜು, ಬಾನೆಟ್ಟುಗಳ ಸಂದುಗಳಿಗೆ ಅಂಟುಪಟ್ಟಿ ಹಚ್ಚಿ, ಒಂದೊಂದನ್ನಾಗಿ ಕಿತ್ತು ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿದರೆ ಯಾವ ಪಟ್ಟಿ ಕಿತ್ತಾಗ ಸಿಳ್ಳೆ ಮರಳಿತೋ ಅದೇ ತಪ್ಪಿನ ಜಾಗ. ಬಾಗಿಲಿನ ರಬ್ಬರಿಗೆ ಅಡ್ಡಲಾಗಿ ಕಾಗದದ ಚೂರಿಟ್ಟು ಬಾಗಿಲು ಹಾಕಿ ಎಳೆದಾಗ ಅದು ಸಲೀಸಾಗಿ ಜಾರಿದರೆ ಅಲ್ಲಿ ಒತ್ತು ಸಾಲದು ಎಂದರ್ಥ. ನಿಂತ ವಾಹನದಲ್ಲಿ ಬ್ಲೋವರ್‌ ಹಾಕಿ, ಇಂಧನದ ಕೊಳವೆಗಳಿಂದ ದೂರವಿದ್ದು, ಊದುಬತ್ತಿಯ ಹೊಗೆಯನ್ನು ಸಂದಿನಗುಂಟ ಹಿಡಿದರೆ ಗಾಳಿ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಕಣ್ಣಿಗೆ ಕಾಣುತ್ತದೆ. ಪದ್ಮನಾಭನಗರ, ಜಯನಗರಗಳಂಥ ಮರಗಳ ಬಡಾವಣೆಗಳಲ್ಲಿ ಒಂದು ಕಾರಣವನ್ನು ಮೊದಲೇ ನೋಡುವುದು ಒಳ್ಳೆಯದು: ಹೊಂಗೆ ಎಲೆ ಉದುರಿಸುವ ಕಾಲದಲ್ಲಿ ಅದರ ಕೆಳಗೆ ನಿಂತ ವಾಹನದ ಮುಂಗಾಜಿನ ಬುಡದ ಜಾಲರಿಯೊಳಗೆ ಎಲೆಗಳು ಬೀಳುತ್ತವೆ. ಒತ್ತಡ ಹೆಚ್ಚಿರುವ ಜಾಗವಾದ್ದರಿಂದ ಹೊರಗಾಳಿಯ ಬಾಯಿಯನ್ನು ತಯಾರಕರು ಇಡುವುದೇ ಅಲ್ಲಿ. ಒಳಸೇರಿದ ಎಲೆ ಬ್ಲೋವರಿನ ಫ್ಯಾನಿಗೆ ತಗುಲಿ ಟರ್‌ ಟರ್‌ ಎನ್ನುತ್ತದೆ, ಜಾಲರಿ ಕಟ್ಟಿಕೊಂಡರೆ ಗಾಳಿಯೂ ಕಡಿಮೆಯಾಗುತ್ತದೆ, ನೀರು ಹರಿಯುವ ದಾರಿ ಮುಚ್ಚಿ ಮಳೆಗಾಲದಲ್ಲಿ ಚಾಲಕನ ಕಾಲ ಬಳಿ ಒದ್ದೆಯಾಗುತ್ತದೆ.

ಇದೇ ಊರಿನ ಉತ್ತರ ಭಾಗದಲ್ಲಿ ಅದೇ ಪ್ರಶ್ನೆಗಳನ್ನು ಗಣಿತದ ದಾರಿಯಲ್ಲಿ ಕೇಳಿದವರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವೈಮಾನಿಕ ಎಂಜಿನಿಯರಿಂಗ್‌ ವಿಭಾಗ ಆರಂಭವಾಯಿತು. ಅಲ್ಲಿ ನಿರ್ಮಿಸಿದ 14 ಅಡಿ ಅಗಲ, 9 ಅಡಿ ಎತ್ತರದ ದೊಡ್ಡ ಗಾಳಿ ಸುರಂಗದಲ್ಲಿ ವಸ್ತುವನ್ನು ನಿಲ್ಲಿಸಿ ಗಾಳಿಯನ್ನು ಓಡಿಸಿ ಅದರ ಹರಿವನ್ನು ಅಳೆಯಬಹುದಾಯಿತು. ಹರಿವನ್ನು ಕಾಣಿಸಲು ಸುರಂಗಗಳಲ್ಲಿ ಬಳಸುವುದೂ ಹೊಗೆಯನ್ನು ಮತ್ತು ಮೇಲ್ಮೈಗೆ ಅಂಟಿಸಿದ ನೂಲಿನ ಎಳೆಗಳನ್ನು. ಎಳೆ ನೆಟ್ಟಗೆ ಮಲಗಿದರೆ ಗಾಳಿ ಮೈಗಂಟಿ ಹರಿಯುತ್ತಿದೆ, ಹುಚ್ಚಾಗಿ ಕುಣಿದರೆ ಅಲ್ಲಿ ಸುಳಿ ಎದ್ದಿದೆ. ಅದೇ ಸಂಸ್ಥೆಯ ಯಾಂತ್ರಿಕ ಎಂಜಿನಿಯರಿಂಗ್‌ ವಿಭಾಗದಲ್ಲಿ ಪ್ರೊ. ಎಂ. ಎಲ್‌. ಮುಂಜಾಲ್‌ ಅವರು ಕೊಳವೆಗಳಲ್ಲಿ ಗಾಳಿಯೂ ಸದ್ದೂ ಒಟ್ಟಿಗೆ ಸಾಗುವ ಬಗೆಯನ್ನು ಜೀವಮಾನವಿಡೀ ಅಧ್ಯಯನ ಮಾಡಿದರು. 1987ರಲ್ಲಿ ಪ್ರಕಟವಾದ ಅವರ ‘ಅಕೌಸ್ಟಿಕ್ಸ್‌ ಆಫ್‌ ಡಕ್ಟ್ಸ್‌ ಅಂಡ್‌ ಮಫ್ಲರ್ಸ್‌’ ಎಂಬ ಗ್ರಂಥ ಸೈಲೆನ್ಸರ್‌ ವಿನ್ಯಾಸಕ್ಕೆ ಜಗತ್ತಿನಾದ್ಯಂತ ಆಧಾರ ಗ್ರಂಥವಾಯಿತು. ಸೈಲೆನ್ಸರಿನ ಸಮಸ್ಯೆ ಸರಳವಾಗಿ ಹೇಳುವಂಥದು: ಹೊಗೆಯನ್ನು ತಡೆಯದೆ ಸದ್ದನ್ನು ತಡೆಯಬೇಕು. ದಾರಿಯನ್ನು ಬಿಗಿ ಮಾಡಿದರೆ ಸದ್ದು ತಗ್ಗುತ್ತದೆ, ಆದರೆ ಹೊಗೆ ಹಿಂದಕ್ಕೆ ಒತ್ತಿ ಎಂಜಿನ್ನಿನ ಶಕ್ತಿ ಕುಂದುತ್ತದೆ. ಬೇರೆ ಬೇರೆ ಅಳತೆಯ ಕೋಣೆಗಳನ್ನು ಜೋಡಿಸಿ ಸದ್ದಿನ ಅಲೆಗಳು ಮರಳಿ ಬಂದು ತಮ್ಮನ್ನು ತಾವೇ ಅಳಿಸಿಕೊಳ್ಳುವಂತೆ ಮಾಡುವುದು ಪರಿಹಾರ. ಕ್ಯಾಬಿನ್ನಿನ ಸಮಸ್ಯೆಯೂ ಇದರ ಮತ್ತೊಂದು ರೂಪ: ಚಾಲಕನಿಗೆ ಗಾಳಿ ಬೇಕು, ಗಾಳಿಯ ದಾರಿಯಲ್ಲಿ ಬರುವ ಸದ್ದು ಬೇಡ.

ಜ್ಞಾನವಿದ್ದರೂ ಅದು ಚಾಲಕನ ಸೀಟಿನ ತನಕ ತಲುಪಲು ಬಹುಕಾಲ ಬೇಕಾಯಿತು, ಅದಕ್ಕೆ ಕಾನೂನಿನ ಮೌನವೂ ಕಾರಣ. ಕಾರ್ಖಾನೆಗಳ ಮಾದರಿ ನಿಯಮಗಳು ಎಂಟು ಗಂಟೆಯ ದುಡಿಮೆಗೆ 90 ಡೆಸಿಬಲ್ಲುಗಳ ಮಿತಿಯನ್ನು ಹೇಳಿದ್ದವು, ಆದರೆ ಬಸ್ಸಿನ ಕ್ಯಾಬಿನ್‌ ಕಾರ್ಖಾನೆಯಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಗಳ ಮಿತಿ, ವಿಶ್ರಾಂತಿ ಕೊಠಡಿ, ಕ್ಯಾಂಟೀನು, ಸಮವಸ್ತ್ರಗಳನ್ನು ಒದಗಿಸಿ ಚಾಲಕರಿಗೆ ದೊಡ್ಡ ಉಪಕಾರ ಮಾಡಿತು. ಆದರೆ ಅವರು ದುಡಿಯುವ ಜಾಗವಾದ ಕ್ಯಾಬಿನ್ನಿನ ಶಾಖ, ಸದ್ದುಗಳು ಅದರ ಮುಖ್ಯ ಕಾಳಜಿಯಾಗಲಿಲ್ಲ. ಬಸ್ಸಿನ ಮೈಕಟ್ಟಿಗೆ ದೇಶಕ್ಕೆಲ್ಲ ಒಂದೇ ಸಂಹಿತೆ ಬಂದದ್ದು 21ನೆಯ ಶತಮಾನದಲ್ಲಿ. ಲಾರಿಗಳಲ್ಲಿ ಚಾಸಿಯನ್ನಷ್ಟೇ ಕೊಂಡು ಕ್ಯಾಬಿನ್ನನ್ನು ಊರಿನ ಬಡಗಿಗಳಿಂದ ಕಟ್ಟಿಸುವ ಪದ್ಧತಿ ದೀರ್ಘಕಾಲ ನಡೆಯಿತು. 2025ರ ಅಕ್ಟೋಬರ್‌ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ ಎಂಬ ಕೇಂದ್ರದ ನಿಯಮ ಈ ದೀರ್ಘ ಉಪೇಕ್ಷೆಗೆ ತಡವಾಗಿ ಸಿಕ್ಕ ಉತ್ತರ.

ಬೆಂಗಳೂರಿನ ನಗರ ಬಸ್ಸುಗಳಲ್ಲಿ ಬದಲಾವಣೆ ಇದಕ್ಕೆ ಮೊದಲೇ ಬಂದಿತ್ತು. 2006ರಲ್ಲಿ ಬಿಎಂಟಿಸಿ ರಸ್ತೆಗಿಳಿಸಿದ ವೋಲ್ವೊ ಬಸ್ಸುಗಳಲ್ಲಿ ಎಂಜಿನ್‌ ಹಿಂಬದಿಗೆ ಹೋಯಿತು, ಸ್ಪ್ರಿಂಗ್‌ ಪಟ್ಟಿಯ ಬದಲು ಗಾಳಿ ತುಂಬಿದ ಚೀಲಗಳು ಮೈಯನ್ನು ಹೊತ್ತವು, ಕಿಟಕಿಗಳು ಮುಚ್ಚಿ ಗಾಳಿ ನಾಳಗಳ ಮೂಲಕ ಬಂತು. 2021ರ ಕೊನೆಯಿಂದ ಬಂದ ವಿದ್ಯುತ್‌ ಬಸ್ಸುಗಳಲ್ಲಿ ಎಂಜಿನ್ನೇ ಇಲ್ಲವಾಯಿತು. ಆದರೆ ಸದ್ದಿನ ಒಂದು ಗುಣ ಇಲ್ಲಿ ಹೊಸ ಪಾಠ ಕಲಿಸಿತು. ದೊಡ್ಡ ಸದ್ದು ಚಿಕ್ಕ ಸದ್ದನ್ನು ಮುಚ್ಚುತ್ತದೆ. ದೊಡ್ಡದು ಹೋದೊಡನೆ ಅದರ ಮರೆಯಲ್ಲಿದ್ದ ಎಲ್ಲವೂ ಮೇಲೆ ಬರುತ್ತದೆ. ಡ್ಯಾಶ್‌ಬೋರ್ಡಿನ ಕಿರಿಕಿರಿ, ಬಾಗಿಲಿನ ರಬ್ಬರಿನ ಉಸಿರು, ಟೈರಿನ ಗುಂಯ್‌ಗುಟ್ಟುವಿಕೆ, ಹವಾನಿಯಂತ್ರಕದ ನಾಳದಲ್ಲಿ ಗಾಳಿ ಮೂಲೆ ತಿರುಗುವ ಸುಯ್ಯೆಂಬ ಸದ್ದು ಹಳೆಯ ಬಸ್ಸಿನಲ್ಲಿಯೂ ಇದ್ದವು. ಅವನ್ನು ಕೇಳಿಸಿಕೊಳ್ಳುವ ಅವಕಾಶ ಮಾತ್ರ ಈಗ ಸಿಕ್ಕಿದೆ.

ಈ ಚರಿತ್ರೆಯ ಇತ್ತೀಚಿನ ಅಧ್ಯಾಯ ಕಾರವಾನ್‌, ಅಂದರೆ ಮಲಗುವ, ಅಡುಗೆ ಮಾಡುವ ಅನುಕೂಲಗಳಿರುವ ಮನೆ ವಾಹನ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿ ಕಾರವಾನ್‌ ಪ್ರವಾಸಕ್ಕೆ ಜಾಗ ಕೊಟ್ಟ ಮೇಲೆ ಇಂಥ ವಾಹನಗಳ ಬಗೆಗೆ ಆಸಕ್ತಿ ಬೆಳೆದಿದೆ. ವ್ಯಾನಿನ ಅಥವಾ ಸಣ್ಣ ಬಸ್ಸಿನ ಚಾಸಿಯ ಮೇಲೆ ಮನೆಯ ಭಾಗವನ್ನು ಕಟ್ಟಿದಾಗ ಕ್ಯಾಬಿನ್‌ ಮೂಲ ವಾಹನದ್ದೇ ಉಳಿದು, ಎರಡೂ ಕೂಡುವ ಜಾಗ ಸದ್ದಿಗೂ ಗಾಳಿಗೂ ದುರ್ಬಲ ಬಿಂದುವಾಗುತ್ತದೆ. ಮೂಲ ವ್ಯಾನಿನಲ್ಲಿ ಒಳಗಾಳಿ ಹೊರಹೋಗಲು ಹಿಂಬದಿಯಲ್ಲಿ ಕಿಂಡಿಗಳಿರುತ್ತವೆ. ಮೈ ಬದಲಾಯಿಸಿದಾಗ ಅವು ಮುಚ್ಚಿಹೋದರೆ ಬ್ಲೋವರ್‌ ಎಷ್ಟು ತಿರುಗಿದರೂ ಕ್ಯಾಬಿನ್ನಿಗೆ ಗಾಳಿ ಬಾರದು, ಏಕೆಂದರೆ ಹೊರಗೆ ದಾರಿಯಿಲ್ಲದ ಕಡೆ ಒಳಗೂ ದಾರಿಯಿಲ್ಲ. ಮಾಳಿಗೆಯ ಕಿಂಡಿ ತೆರೆದು ಓಡಿಸಿದರೆ ಅದು ಒಳಗಿನ ಗಾಳಿಯನ್ನು ಎಳೆದು, ಕೆಳಗಿನ ಸಂದುಗಳಿಂದ ಹೊಗೆಯನ್ನು ಒಳತರಬಲ್ಲದು. ಸೌರಫಲಕ, ಚಪ್ಪರದ ಸುರುಳಿ, ಹವಾನಿಯಂತ್ರಕದ ಪೆಟ್ಟಿಗೆಗಳ ಅಂಚುಗಳು ಬೆಂಗಳೂರು–ಮೈಸೂರು ಹೆದ್ದಾರಿಯ ವೇಗದಲ್ಲಿ ಸಿಳ್ಳೆ ಹಾಕುತ್ತವೆ. ಒಲೆಯ ಜಾಲರಿ, ಪಾತ್ರೆ, ಬೀರುವಿನ ಚಿಲಕಗಳು ಉಬ್ಬಿನ ಮೇಲೆ ಗಡಗಡಿಸುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಕ್ಕಿಳಿದು ನಿಲ್ಲುತ್ತದೆ, ಅದು ಹೊರಹೋಗಲೆಂದು ನೆಲದ ಮಟ್ಟದಲ್ಲಿ ಕಿಂಡಿಗಳನ್ನು ಬಿಟ್ಟಿರುತ್ತಾರೆ. ಸದ್ದು ಬರುತ್ತದೆಂದು ಇವನ್ನು ಎಂದಿಗೂ ಮುಚ್ಚಬಾರದು. ಕಿರಿಕಿರಿಯನ್ನು ತಗ್ಗಿಸುವ ಉತ್ಸಾಹದಲ್ಲಿ ಗಾಳಿಯ ದಾರಿಯನ್ನು ಕಟ್ಟಿದರೆ ನೆಮ್ಮದಿಯ ಜಾಗದಲ್ಲಿ ಅಪಾಯ ಬರುತ್ತದೆ. ಮುಚ್ಚುವ ಮೊದಲು ಪ್ರತಿ ಸಂದನ್ನೂ ಅದು ತಯಾರಕರು ಬೇಕೆಂದೇ ಬಿಟ್ಟ ಕಿಂಡಿಯೋ, ಸವೆತದಿಂದ ಆದ ಬಿರುಕೋ ಎಂದು ಗುರುತಿಸುವುದು ಈ ವಿದ್ಯೆಯ ಮೊದಲ ನಿಯಮ.

ಮರದ ಮೈಯಿಂದ ವಿದ್ಯುತ್‌ ಬಸ್ಸಿನವರೆಗಿನ ಈ ಪಯಣವನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಬೆಂಗಳೂರಿನಲ್ಲಿ ಸದ್ದು ಗಾಳಿಗಳ ತಿಳಿವಳಿಕೆಗೆ ಯಾವ ಕಾಲದಲ್ಲಿಯೂ ಕೊರತೆ ಇರಲಿಲ್ಲ. ಮೇಸ್ತ್ರಿಯ ಕಿವಿಯೂ ಪ್ರಯೋಗಾಲಯದ ಲೆಕ್ಕವೂ ಒಂದೇ ಊರಿನಲ್ಲಿದ್ದವು. ಅವೆರಡನ್ನೂ ಚಾಲಕನ ಸೀಟಿನ ಬಳಿ ಕೂಡಿಸುವ ಇಚ್ಛೆ ತಡವಾಯಿತು, ಏಕೆಂದರೆ ಸೀಟುಗಳ ಸಂಖ್ಯೆಯನ್ನು ಎಣಿಸಿದವರು ಚಾಲಕನ ಶಾಖವನ್ನೂ ಸದ್ದನ್ನೂ ಅಳೆಯಲಿಲ್ಲ. ಹೊಸ ಬಸ್ಸನ್ನು ಕೊಳ್ಳುವ ನಿಗಮಗಳೂ, ಕಾರವಾನ್‌ ಕಟ್ಟಿಸುವ ಕುಟುಂಬಗಳೂ ವಾಹನವನ್ನು ಒಪ್ಪಿಕೊಳ್ಳುವ ಮೊದಲು ಚಾಲಕನ ತಲೆಯ ಮಟ್ಟದಲ್ಲಿ ಸದ್ದನ್ನೂ ಕಾಲಿನ ಮಟ್ಟದಲ್ಲಿ ಬಿಸಿಯನ್ನೂ ಅಳೆಸಿ, ವರ್ಷಕ್ಕೊಮ್ಮೆಯಾದರೂ ಬಾನೆಟ್ಟಿನ ರಬ್ಬರ್‌, ಬಾಗಿಲಿನ ಬೀಡಿಂಗ್‌, ಗಾಳಿಯ ಜಾಲರಿಗಳನ್ನು ನೋಡಿಸಬೇಕು. ಎಲ್ಲರ ಜೀವವನ್ನು ಕೈಯಲ್ಲಿ ಹಿಡಿದು ವಾಹನ ಓಡಿಸುವವರಿಗೆ ಸಲ್ಲಬೇಕಾದ ಕನಿಷ್ಠ ಗೌರವ ಅದು.